‘ನಾನೇ ಮಾಡಿದ್ದು’ ಅಂದಮೇಲೂ ಅನುಮಾನವೇಕೆ?

ಈ ಸಲ ಬಂದ ಕಾಗದಗಳಲ್ಲಿ ಆಸ್ತಿ ಜಗಳ, ಚೆಕ್ ಬೌನ್ಸ್‌ಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಓಟಿಟಿಯಲ್ಲಿ ಅಪರಾಧ ಸಾಕ್ಷ್ಯಚಿತ್ರಗಳನ್ನು ನೋಡಿದ ಹಲವರು ಬರೆದಿದ್ದಾರೆ. ಬೇರೆ ಬೇರೆ ಊರಿನಿಂದ ಬಂದಿದ್ದರೂ ಆ ಕಾಗದಗಳೆಲ್ಲ ಒಂದೇ ಕಡೆ ಬಂದು ನಿಲ್ಲುತ್ತವೆ: ತಪ್ಪೇ ಮಾಡದವನು ತಪ್ಪೊಪ್ಪಿಕೊಳ್ಳುತ್ತಾನೆಯೇ? ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ‘ದಿ ಸೆಂಟ್ರಲ್ ಪಾರ್ಕ್ ಫೈವ್’ ಸಾಕ್ಷ್ಯಚಿತ್ರ ನೋಡಿದೆ. ಹುಡುಗರು ಕ್ಯಾಮೆರಾ ಮುಂದೆ ಕೂತು ತಾವೇ ಮಾಡಿದ್ದೆಂದು ಹೇಳುತ್ತಾರೆ. ಮೈಮೇಲೆ ಹೊಡೆತದ ಗುರುತಿಲ್ಲ. ಆಮೇಲೆ ಅವರು ನಿರಪರಾಧಿಗಳು ಅಂತ ತೋರಿಸುತ್ತಾರೆ. ನನಗಂತೂ ಅರ್ಥವಾಗಲಿಲ್ಲ. ನನ್ನನ್ನು ಕೊಂದರೂ ಮಾಡದ ಕೆಲಸವನ್ನು ಮಾಡಿದೆ ಅನ್ನುವವಳಲ್ಲ ನಾನು.
— ಗೃಹಿಣಿ, ದಾವಣಗೆರೆ

ಉತ್ತರ: ನೀವಂದ ಮಾತನ್ನೇ ನನ್ನ ಕಕ್ಷಿದಾರರೂ ಹೇಳುತ್ತಿದ್ದರು, ಠಾಣೆಗೆ ಹೋಗುವ ಮುಂಚೆ.

1989ರ ಏಪ್ರಿಲ್ 19ರ ರಾತ್ರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಯುವತಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿ, ತಲೆಗೆ ಹೊಡೆದು, ಸತ್ತಳೆಂದು ಬಿಟ್ಟುಹೋಗಿದ್ದರು. ಅದೇ ರಾತ್ರಿ ಪಾರ್ಕಿನಲ್ಲಿ ದಾಂಧಲೆ ಮಾಡಿದ ಹುಡುಗರ ಗುಂಪೊಂದಿತ್ತು. ಪೊಲೀಸರು ಆ ಗುಂಪಿನಿಂದ ಕೆಲವರನ್ನು ಎತ್ತಿ ತಂದರು. ಕೊನೆಗೆ ಕಟಕಟೆಯಲ್ಲಿ ನಿಂತವರು ಐವರು: ಕೆವಿನ್ ರಿಚರ್ಡ್‌ಸನ್, ರೇಮಂಡ್ ಸಾಂಟಾನಾ, ಆಂಟ್ರನ್ ಮೆಕ್ರೇ, ಯೂಸೆಫ್ ಸಲಾಮ್, ಕೋರಿ ವೈಸ್. ವಯಸ್ಸು 14ರಿಂದ 16. ಇವರಲ್ಲಿ ಕೋರಿ ವೈಸನ ಹೆಸರು ಪೊಲೀಸರ ಪಟ್ಟಿಯಲ್ಲೇ ಇರಲಿಲ್ಲ. ಗೆಳೆಯ ಸಲಾಮ್‌ನನ್ನು ಕರೆದುಕೊಂಡು ಹೋಗುತ್ತಿದ್ದಾರೆ, ಜೊತೆಗಿರಲಿ ಎಂದು ತಾನಾಗಿ ಹೋದವನು. ಎಲ್ಲರಿಗಿಂತ ಹೆಚ್ಚು ಕಾಲ ಜೈಲಿನಲ್ಲಿ ಕೊಳೆತವನೂ ಅವನೇ.

ನೀವು ನೋಡಿದ ವಿಡಿಯೊ ವಿಚಾರಣೆಯ ಬಾಲ ಮಾತ್ರ. ಅದಕ್ಕೆ ಮುಂಚೆ 14ರಿಂದ 30 ಗಂಟೆಗಳಷ್ಟು ಹೊತ್ತು ಆ ಮಕ್ಕಳು ಠಾಣೆಯಲ್ಲಿದ್ದರು, ಆ ಹೊತ್ತಿನ ಒಂದು ನಿಮಿಷದ ರೆಕಾರ್ಡಿಂಗೂ ಇಲ್ಲ. ನಿದ್ದೆಯಿಲ್ಲ, ಊಟ ಸರಿಯಾಗಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ‘ಪಕ್ಕದ ಕೋಣೆಯವನು ಆಗಲೇ ನಿನ್ನ ಹೆಸರು ಹೇಳಿದ್ದಾನೆ’ ಎಂದರೆ ಹದಿನಾಲ್ಕರ ಹುಡುಗ ಏನು ಮಾಡುತ್ತಾನೆ? ‘ನಾನಲ್ಲ, ಅವನು ಮಾಡಿದ್ದು, ನಾನು ಸುಮ್ಮನೆ ನಿಂತಿದ್ದೆ’ ಅನ್ನುತ್ತಾನೆ. ಆ ವಿಡಿಯೊಗಳನ್ನು ಇನ್ನೊಮ್ಮೆ ನೋಡಿ. ಪ್ರತಿಯೊಬ್ಬನೂ ಮುಖ್ಯ ಕೃತ್ಯವನ್ನು ಬೇರೆಯವನ ತಲೆಗೆ ಕಟ್ಟಿ ತನ್ನದು ಚಿಕ್ಕ ಪಾತ್ರ ಎಂದುಕೊಳ್ಳುತ್ತಿದ್ದಾನೆ. ತಾನು ಸಾಕ್ಷಿ ಹೇಳುತ್ತಿದ್ದೇನೆ, ಹೇಳಿದರೆ ಮನೆಗೆ ಬಿಡುತ್ತಾರೆ ಎಂಬುದು ಅವನ ಲೆಕ್ಕ. ಮೆಕ್ರೇಯ ಅಪ್ಪನೇ ಮಗನಿಗೆ ‘ಅವರು ಕೇಳಿದ್ದನ್ನು ಹೇಳಿಬಿಡು, ಮನೆಗೆ ಹೋಗೋಣ’ ಎಂದಿದ್ದ. ಆ ಒಂದು ಮಾತು ಅಪ್ಪ ಮಗನ ನಡುವೆ ಜೀವನಪೂರ್ತಿ ಗೋಡೆಯಾಗಿ ನಿಂತಿತು.

ಅಮೆರಿಕದ ಪೊಲೀಸರು ದಶಕಗಳಿಂದ ಕಲಿತ ವಿಧಾನವೊಂದಿದೆ, ಜಾನ್ ರೀಡ್ ಎಂಬವರ ಹೆಸರಿನದು. ಅದರಲ್ಲಿ ಲಾಠಿಗೆ ಕೆಲಸವಿಲ್ಲ. ಮೊದಲು ಒಂಟಿಯಾಗಿ ಕೂರಿಸು. ‘ನೀನೇ ಮಾಡಿದ್ದೆಂದು ನಮಗೆ ಗೊತ್ತು’ ಎನ್ನು. ಅವನು ಇಲ್ಲ ಅನ್ನಲು ಬಾಯಿ ತೆರೆದರೆ ಮಾತು ತಡೆ. ಆಮೇಲೆ ಸ್ವರ ತಗ್ಗಿಸಿ ‘ಬೇಕಂತಲೇ ಮಾಡಿದೆಯಾ, ಇಲ್ಲ ಸಿಟ್ಟಿನಲ್ಲಿ ಆಗಿಹೋಯಿತಾ?’ ಎಂದು ಕೇಳು. ಈ ಕೊನೆಯ ಪ್ರಶ್ನೆಯ ಚಾಲಾಕಿತನ ನೋಡಿ. ಎರಡರಲ್ಲಿ ಯಾವುದಕ್ಕೆ ಹೌದೆಂದರೂ ಒಪ್ಪಿಕೊಂಡ ಹಾಗೆಯೇ. ‘ಮಾಡಲೇ ಇಲ್ಲ’ ಎಂಬ ಮೂರನೆಯ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಇದರ ಮೇಲೆ, ಇಲ್ಲದ ಸಾಕ್ಷ್ಯ ಇದೆಯೆಂದು ಸುಳ್ಳು ಹೇಳುವುದನ್ನೂ ಅಲ್ಲಿನ ಸುಪ್ರೀಂ ಕೋರ್ಟ್ 1969ರ ಫ್ರೇಜಿಯರ್ ಪ್ರಕರಣದಲ್ಲಿ ಮಾನ್ಯ ಮಾಡಿದೆ.

ಹುಡುಗರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಎಲ್ಲಿ, ಯಾವಾಗ, ಯಾರು ಎಂಬುದರಲ್ಲೇ ಗೊಂದಲ. ಡಿಎನ್‌ಎ ಕೂಡ ಐವರಲ್ಲಿ ಯಾರದ್ದೂ ಆಗಿರಲಿಲ್ಲ, ಅದು ಕೋರ್ಟಿನ ವಿಚಾರಣೆಗೆ ಮುಂಚೆಯೇ ಗೊತ್ತಿತ್ತು. ಆದರೂ 1990ರಲ್ಲಿ ಶಿಕ್ಷೆಯಾಯಿತು. ಸರ್ಕಾರಿ ವಕೀಲರ ವಾದ ಇಷ್ಟೆ: ಇನ್ನೊಬ್ಬ ಇದ್ದ, ತಪ್ಪಿಸಿಕೊಂಡಿದ್ದಾನೆ. ನಿಜಕ್ಕೂ ಇನ್ನೊಬ್ಬ ಇದ್ದ. ಮಟಿಯಾಸ್ ರೇಯೆಸ್ ಎಂಬ ಆತ, ಆ ಘಟನೆಗೆ ಎರಡು ದಿನ ಮುಂಚೆ ಅದೇ ಪಾರ್ಕಿನಲ್ಲಿ ಇನ್ನೊಬ್ಬ ಹೆಂಗಸಿನ ಮೇಲೆ ಬಿದ್ದಿದ್ದ. 2002ರಲ್ಲಿ ಜೈಲಿನಿಂದಲೇ ‘ಮಾಡಿದ್ದು ನಾನು, ಒಬ್ಬನೇ’ ಎಂದ, ಡಿಎನ್‌ಎ ಅವನದ್ದೇ ಆಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಐವರ ಶಿಕ್ಷೆ ರದ್ದಾಯಿತು. 2014ರಲ್ಲಿ ನಗರಾಡಳಿತ 4.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಯೂಸೆಫ್ ಸಲಾಮ್ 2023ರಲ್ಲಿ ಅದೇ ನಗರದ ಕೌನ್ಸಿಲಿಗೆ ಆಯ್ಕೆಯಾದರು.

ಪ್ರಶ್ನೆ: ಬೆದರಿಕೆಗೆ ಒಪ್ಪಿಕೊಳ್ಳುವುದು ಸರಿ, ಆದರೆ ಕೊಲೆಗಾರನಿಗೆ ಮಾತ್ರ ಗೊತ್ತಿರುವ ವಿವರಗಳನ್ನು ನಿರಪರಾಧಿ ಹೇಗೆ ಹೇಳುತ್ತಾನೆ? ‘ಮೇಕಿಂಗ್ ಎ ಮರ್ಡರರ್’ನಲ್ಲಿ ಆ ಹುಡುಗ ತಲೆಗೆ ಗುಂಡು ಹೊಡೆದದ್ದನ್ನೂ ಹೇಳುತ್ತಾನಲ್ಲ?
— ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ನೀವು ಕಾನೂನು ಓದುತ್ತಿರುವುದರಿಂದ ಒಂದು ಅಭ್ಯಾಸ ಈಗಲೇ ಮಾಡಿಕೊಳ್ಳಿ. ತಪ್ಪೊಪ್ಪಿಗೆಯಲ್ಲಿ ಏನಿದೆ ಎಂದು ಓದುವ ಮುಂಚೆ, ಆ ವಿವರ ಮೊದಲು ಯಾರ ಬಾಯಿಂದ ಬಂತು ಎಂದು ನೋಡಿ.

ವಿಸ್ಕಾನ್ಸಿನ್ ರಾಜ್ಯದ ಬ್ರೆಂಡನ್ ಡಾಸಿಗೆ 2006ರ ಮಾರ್ಚ್ 1ರಂದು 16 ವರ್ಷ. ಬುದ್ಧಿಮಟ್ಟ ಸಾಧಾರಣಕ್ಕಿಂತ ಬಹಳ ಕಡಿಮೆ. ಶಾಲೆಯಿಂದ ಕರೆದೊಯ್ದು ಇಬ್ಬರು ಅಧಿಕಾರಿಗಳು ವಿಚಾರಣೆ ನಡೆಸುತ್ತಾರೆ, ಜೊತೆಗೆ ತಾಯಿಯಿಲ್ಲ, ವಕೀಲನಿಲ್ಲ. ಕೊಲೆಯಾದ ಹೆಂಗಸಿನ ತಲೆಗೆ ಗುಂಡು ಬಿದ್ದಿರುವುದು ಪೊಲೀಸರಿಗೆ ಗೊತ್ತು, ಅದು ಅವನ ಬಾಯಿಂದ ಬರಬೇಕು. ‘ತಲೆಗೆ ಇನ್ನೇನೋ ಮಾಡಿದಿರಲ್ಲ, ಏನದು?’ ಎಂದು ಕೇಳುತ್ತಾರೆ. ಕೂದಲು ಕತ್ತರಿಸಿದ ಅನ್ನುತ್ತಾನೆ. ಅದಲ್ಲ, ಇನ್ನೇನು? ಗುದ್ದಿದ. ಇನ್ನೇನು? ಕುತ್ತಿಗೆ ಕೊಯ್ದ. ಹುಡುಗ ಒಂದೊಂದೇ ಊಹಿಸುತ್ತ ಹೋಗುತ್ತಾನೆ, ಪ್ರತಿ ಸಲವೂ ‘ಇನ್ನೇನು’ ಬರುತ್ತದೆ. ಕೊನೆಗೆ ತಾಳ್ಮೆ ಕಳೆದುಕೊಂಡ ಅಧಿಕಾರಿ ನೇರವಾಗಿಯೇ, ಅವಳ ತಲೆಗೆ ಗುಂಡು ಹೊಡೆದವರು ಯಾರು ಎಂದು ಕೇಳಿಬಿಡುತ್ತಾನೆ. ಹುಡುಗ ತನ್ನ ಸೋದರಮಾವ ಸ್ಟೀವನ್ ಏವರಿಯ ಹೆಸರು ಹೇಳುತ್ತಾನೆ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಹೊಳೆಯಲಿಲ್ಲ ಅನ್ನುತ್ತಾನೆ.

ಈಗ ಹೇಳಿ, ತಲೆಗೆ ಗುಂಡು ಎಂಬ ‘ರಹಸ್ಯ ವಿವರ’ ಕೊಟ್ಟವರು ಯಾರು?

ಕೊಲೆಯನ್ನು ಒಪ್ಪಿಕೊಂಡ ಮೇಲೂ ಆ ಹುಡುಗ ವಿಚಾರಿಸುವುದು ಶಾಲೆಗೆ ವಾಪಸ್ ಹೋಗುವ ಬಗ್ಗೆ. ಆ ದಿನದ ಆರನೆಯ ಪೀರಿಯಡ್‌ನಲ್ಲಿ ಒಂದು ಪ್ರಾಜೆಕ್ಟ್ ಒಪ್ಪಿಸಬೇಕಿತ್ತಂತೆ. ತಾನು ಏನು ಹೇಳಿದ್ದೇನೆಂಬ ಅರಿವು ಅವನಿಗಿತ್ತೇ ಎಂದು ತಿಳಿಯಲು ನನಗೆ ಇಷ್ಟು ಸಾಕು. ಇನ್ನೂ ಕೆಟ್ಟದ್ದೆಂದರೆ, ಅವನ ಪರ ನೇಮಕವಾಗಿದ್ದ ವಕೀಲರ ಕಡೆಯ ತನಿಖೆಗಾರನೇ ಅವನಿಂದ ಮತ್ತೊಮ್ಮೆ ತಪ್ಪೊಪ್ಪಿಗೆ ಬರೆಸಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇಲ್ಲಿ ವಿಚಾರಣೆ ಪೂರ್ತಿ ರೆಕಾರ್ಡ್ ಆಗಿತ್ತು ಎಂಬುದನ್ನು ಮರೆಯಬೇಡಿ. ಅದರಿಂದಲೇ ನಾವಿದನ್ನು ಇಷ್ಟು ಸ್ಪಷ್ಟವಾಗಿ ಚರ್ಚಿಸುತ್ತಿದ್ದೇವೆ. ಆದರೆ ರೆಕಾರ್ಡಿಂಗ್ ಅವನನ್ನು ಬಿಡಿಸಲಿಲ್ಲ. 2016ರಲ್ಲಿ ಫೆಡರಲ್ ಮ್ಯಾಜಿಸ್ಟ್ರೇಟರು ಆ ತಪ್ಪೊಪ್ಪಿಗೆ ಸ್ವಇಚ್ಛೆಯದ್ದಲ್ಲ ಎಂದು ಶಿಕ್ಷೆ ರದ್ದುಮಾಡಿದರು, 2017ರ ಜೂನ್‌ನಲ್ಲಿ ಮೇಲ್ಮನವಿ ಪೀಠ ಅದನ್ನು ಎತ್ತಿಹಿಡಿಯಿತು, ಡಿಸೆಂಬರಿನಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ 4–3ರಿಂದ ತಿರುಗಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಒಂದೇ ಟೇಪನ್ನು ನೋಡಿ ನ್ಯಾಯಮೂರ್ತಿಗಳೇ ಎರಡು ಪಾಲಾದರು.

ಇದರ ಇನ್ನೊಂದು ತುದಿ ಬೇಕೆಂದರೆ ‘ದಿ ಕನ್ಫೆಷನ್ ಕಿಲ್ಲರ್’ ನೋಡಿ. ಟೆಕ್ಸಾಸಿನಲ್ಲಿ ಹೆನ್ರಿ ಲೀ ಲೂಕಸ್ ಎಂಬಾತ ನೂರಾರು ಕೊಲೆಗಳನ್ನು ಒಪ್ಪಿಕೊಂಡ. ಬೇರೆ ಬೇರೆ ರಾಜ್ಯಗಳ ಪೊಲೀಸರು ಸಾಲುಗಟ್ಟಿ ಬಂದು ತಮ್ಮಲ್ಲಿ ಬಾಕಿಯಿದ್ದ ಕೇಸುಗಳನ್ನು ಅವನ ಹೆಸರಿಗೆ ಬರೆದುಕೊಂಡು ಹೋದರು. ಕೇಸಿನ ಕಡತ, ಫೋಟೊ ಅವನ ಕಣ್ಣಿಗೆ ಬೀಳುತ್ತಿದ್ದವು, ಮಿಲ್ಕ್‌ಶೇಕ್ ಸಿಗುತ್ತಿತ್ತು, ಜನ ಗಮನ ಕೊಡುತ್ತಿದ್ದರು. 200ಕ್ಕೂ ಹೆಚ್ಚು ಕೇಸು ಹಾಗೆ ‘ಪತ್ತೆ’ಯಾದವು. 1985ರಲ್ಲಿ ಡಲ್ಲಾಸಿನ ಒಂದು ಪತ್ರಿಕೆ ಅವನ ಓಡಾಟದ ದಿನಾಂಕಗಳನ್ನು ಜೋಡಿಸಿ ನೋಡಿದಾಗ, ಒಂದು ಕೊಲೆಯಾದ ಹೊತ್ತಿಗೆ ಆಸಾಮಿ ನೂರಾರು ಮೈಲಿ ದೂರದಲ್ಲಿದ್ದ ಎಂಬಂಥ ಸಂಗತಿಗಳು ಒಂದೊಂದಾಗಿ ಹೊರಬಂದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರು ಅನ್ನುತ್ತೇವಲ್ಲ, ಅಲ್ಲಿ ಕಟ್ಟಲು ರಾಜ್ಯಗಳ ನಡುವೆ ಪೈಪೋಟಿಯೇ ನಡೆದಿತ್ತು.

ಪ್ರಶ್ನೆ: ‘ಔಟ್ ಆಫ್ ಥಿನ್ ಏರ್’ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಆ ಜನ ಕೊಲೆ ಮಾಡಿದ್ದೇವೆಂದು ತಾವೇ ನಂಬಿಬಿಡುತ್ತಾರೆ. ಹೀಗೂ ಉಂಟೇ? ಇದು ಮಾನಸಿಕ ಕಾಯಿಲೆಯೇ?
— ನಿವೃತ್ತ ಶಿಕ್ಷಕಿ, ಉಡುಪಿ

ಉತ್ತರ: ಕಾಯಿಲೆಯಲ್ಲ ಮೇಡಂ. ಆರೋಗ್ಯವಾಗಿರುವ ಮನಸ್ಸನ್ನೇ ಹಾಗೆ ಮಾಡಬಹುದು.

1974ರಲ್ಲಿ ಐಸ್‌ಲ್ಯಾಂಡಿನಲ್ಲಿ ಇಬ್ಬರು ಕಾಣೆಯಾದರು. ಜನವರಿಯಲ್ಲಿ ಗುಡ್ಮುಂಡುರ್, ನವೆಂಬರಿನಲ್ಲಿ ಗೇರ್ಫಿನ್ನುರ್. ಹೆಣ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ರಕ್ತದ ಕಲೆಯಿಲ್ಲ, ಆಯುಧವಿಲ್ಲ, ನೋಡಿದವರಿಲ್ಲ. ಆರು ಜನ ಯುವಕ ಯುವತಿಯರ ಹೇಳಿಕೆಗಳ ಮೇಲಷ್ಟೇ ಇಡೀ ಕೇಸು ನಿಂತಿತ್ತು. ಒಬ್ಬನನ್ನಂತೂ 655 ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ನಿದ್ದೆ ಮಾತ್ರೆ, ಮತ್ತೆ ಮತ್ತೆ ವಿಚಾರಣೆ, ಹೆಣ ಹೂತ ಜಾಗ ತೋರಿಸಲೆಂದು ಲಾವಾ ಬಯಲಿಗೆ ಕರೆದೊಯ್ಯುವುದು, ಏನೂ ಸಿಗದೆ ವಾಪಸ್ ತರುವುದು. ‘ನಿನಗೆ ನೆನಪಿಲ್ಲ, ಆಘಾತಕ್ಕೆ ಮರೆತಿದ್ದೀಯ, ನೆನಪು ಮಾಡಿಕೊಳ್ಳಲು ನಾವು ಸಹಾಯ ಮಾಡುತ್ತೇವೆ’ ಎಂಬ ಮಾತು ತಿಂಗಳುಗಟ್ಟಲೆ ಕಿವಿಗೆ ಬಿದ್ದರೆ ಮನುಷ್ಯ ತನ್ನ ನೆನಪಿಗಿಂತ ಎದುರಿನವನ ಖಾತ್ರಿಯನ್ನೇ ಹೆಚ್ಚು ನಂಬತೊಡಗುತ್ತಾನೆ.

ಇದನ್ನು ಶಾಸ್ತ್ರೀಯವಾಗಿ ಗುರುತಿಸಿದವರು ಗಿಸ್ಲಿ ಗುಡ್‌ಜಾನ್ಸನ್. ಮನೋವಿಜ್ಞಾನಿ, ಐಸ್‌ಲ್ಯಾಂಡಿನವರೇ. ಅವರ ಕಥೆ ಸ್ವಾರಸ್ಯವಾಗಿದೆ. ಎಪ್ಪತ್ತರ ದಶಕದಲ್ಲಿ ಅವರು ರೇಕ್ಯಾವಿಕ್‌ನಲ್ಲಿ ಎಳೆಯ ಪೊಲೀಸ್ ಪತ್ತೇದಾರ. ಹೆಂಗಸೊಬ್ಬಳು ತನ್ನ ಪರ್ಸನ್ನು ಒಬ್ಬಾತ ಕದ್ದನೆಂದು ದೂರು ಕೊಟ್ಟಳು. ಆ ಮನುಷ್ಯ ಕುಡಿತದವನು, ಹಿಂದಿನ ರಾತ್ರಿಯದ್ದು ಅವನಿಗೆ ನೆನಪಿರಲಿಲ್ಲ. ಗುಡ್‌ಜಾನ್ಸನ್ ಪ್ರಶ್ನೆ ಕೇಳಿದರು, ಆತ ‘ಹಾಗಿದ್ದರೆ ನಾನೇ ತೆಗೆದುಕೊಂಡಿರಬೇಕು’ ಎಂದು ಒಪ್ಪಿಕೊಂಡ. ಆಮೇಲೆ ನೋಡಿದರೆ ಪರ್ಸು ಕಳುವೇ ಆಗಿರಲಿಲ್ಲ, ಆಕೆಯೇ ಎಲ್ಲೋ ಇಟ್ಟು ಮರೆತಿದ್ದಳು. ಏಟಿಲ್ಲ, ಬೈಗುಳವಿಲ್ಲ, ನಡೆಯದ ಕಳ್ಳತನಕ್ಕೆ ತಪ್ಪೊಪ್ಪಿಗೆ ಸಿಕ್ಕಿತ್ತು. ಗುಡ್‌ಜಾನ್ಸನ್ ಮುಂದೆ ಲಂಡನ್ನಿಗೆ ಹೋಗಿ ಜೀವನವನ್ನೆಲ್ಲ ಈ ವಿಷಯಕ್ಕೇ ಕೊಟ್ಟರು. ತನ್ನ ನೆನಪಿನ ಮೇಲೆ ತನಗೇ ಅಪನಂಬಿಕೆ ಹುಟ್ಟುವ ಸ್ಥಿತಿಗೆ 1982ರಲ್ಲಿ ಸಹೋದ್ಯೋಗಿಯೊಂದಿಗೆ ಹೆಸರಿಟ್ಟರು.

ಪ್ರಯೋಗಶಾಲೆಯಲ್ಲೂ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಸಾಲ್ ಕಾಸಿನ್ ಮತ್ತು ಸಹೋದ್ಯೋಗಿಯೊಬ್ಬರು 1996ರಲ್ಲಿ ಪ್ರಕಟಿಸಿದ ಪ್ರಯೋಗವದು. ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ‘ಆಲ್ಟ್’ ಕೀ ಮುಟ್ಟಬೇಡಿ, ಮುಟ್ಟಿದರೆ ಕೆಟ್ಟುಹೋಗುತ್ತದೆ ಎಂದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತಾನಾಗಿ ನಿಂತಿತು. ಯಾರೂ ಆ ಕೀ ಒತ್ತಿರಲಿಲ್ಲ. ಆದರೂ ನೂರಕ್ಕೆ 69 ಮಂದಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು, 28 ಮಂದಿ ತಾವೇ ಒತ್ತಿದ್ದೆಂದು ನಂಬಿದರು. ಪಕ್ಕದಲ್ಲಿ ಕೂತವಳು ‘ಒತ್ತಿದ್ದನ್ನು ನೋಡಿದೆ’ ಎಂದು ಸುಳ್ಳು ಹೇಳಿದಾಗ ಸಹಿ ಹಾಕುವವರು ಇನ್ನೂ ಹೆಚ್ಚಿದರು. ಕೀ ಒತ್ತುವುದೆಲ್ಲಿ, ಕೊಲೆಯೆಲ್ಲಿ ಎಂದು ಕೇಳುವವರಿದ್ದಾರೆ, ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರಯೋಗಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಕೆಲವು ನಿಮಿಷ, ಐಸ್‌ಲ್ಯಾಂಡಿನಲ್ಲಿ 655 ದಿನ.

2018ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಆರು ಜನರಲ್ಲಿ ಐವರನ್ನು ಖುಲಾಸೆ ಮಾಡಿತು. ಅಷ್ಟೊತ್ತಿಗೆ ಇಬ್ಬರು ತೀರಿಕೊಂಡಿದ್ದರು.

ಪ್ರಶ್ನೆ: ಇಂಥ ಸರಣಿ ನೋಡಿದ ಮೇಲೆ ನಮ್ಮ ಪಿಜಿಯಲ್ಲಿ ದಿನಾ ಜಗಳ. ಒಬ್ಬಳು ‘ಅವನು ಖಂಡಿತ ನಿರಪರಾಧಿ’ ಅನ್ನುತ್ತಾಳೆ, ಇನ್ನೊಬ್ಬಳು ‘ಇದೆಲ್ಲ ನಿರ್ದೇಶಕರ ಆಟ’ ಅನ್ನುತ್ತಾಳೆ. ಸಾಕ್ಷ್ಯಚಿತ್ರ ನೋಡಿ ತೀರ್ಪು ಕೊಡಬಹುದೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಎರಡನೆಯ ಗೆಳತಿಯ ಮಾತನ್ನು ತಳ್ಳಿಹಾಕಬೇಡಿ. ನಿರ್ದೇಶಕನೂ ನೂರಾರು ಗಂಟೆಗಳ ಚಿತ್ರೀಕರಣದಲ್ಲಿ ಕೆಲವನ್ನು ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸುತ್ತಾನೆ. ಕೊನೆಯ ಅರ್ಧ ಗಂಟೆಯನ್ನಷ್ಟೇ ರೆಕಾರ್ಡ್ ಮಾಡಿದ ಪೊಲೀಸರಿಗೆ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಬೇಕು.

‘ಮೇಕಿಂಗ್ ಎ ಮರ್ಡರರ್’ ಏವರಿಯ ವಿರುದ್ಧವಿದ್ದ ಕೆಲವು ಸಾಕ್ಷ್ಯಗಳನ್ನು ಬಿಟ್ಟಿದೆ ಎಂಬ ಟೀಕೆ ಬಲವಾಗಿಯೇ ಇದೆ. ಅದೇ ಏವರಿ ಈ ಕೊಲೆಗೆ ಮುಂಚೆ, ತಾನು ಮಾಡದ ಇನ್ನೊಂದು ಅಪರಾಧಕ್ಕೆ 18 ವರ್ಷ ಜೈಲಿನಲ್ಲಿದ್ದು 2003ರಲ್ಲಿ ಡಿಎನ್‌ಎಯಿಂದ ಬಿಡುಗಡೆಯಾದವನು, ಅದೂ ನಿಜ. ಅವನ ಕೇಸು ಬೇರೆ, ಡಾಸಿಯ ತಪ್ಪೊಪ್ಪಿಗೆ ಬೇರೆ. ಮಾವ ತಪ್ಪಿತಸ್ಥನೇ ಆಗಿದ್ದರೂ ಅಳಿಯನ ಹೇಳಿಕೆ ಟೊಳ್ಳಾಗಿರಬಹುದು. ಸರಣಿ ನೋಡಿ ಜಗಳವಾಡುವವರು ಇವೆರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ.

ನನಗೆ ಹೆಚ್ಚು ಕಸಿವಿಸಿ ತಂದದ್ದು ‘ಪ್ಯಾರಡೈಸ್ ಲಾಸ್ಟ್’ ಸರಣಿಯ ಎರಡನೆಯ ಭಾಗ. 1993ರಲ್ಲಿ ಅರ್ಕಾನ್ಸಾದ ವೆಸ್ಟ್ ಮೆಂಫಿಸ್‌ನಲ್ಲಿ ಮೂವರು ಎಳೆಯ ಬಾಲಕರ ಕೊಲೆಯಾಯಿತು. ಜೆಸ್ಸಿ ಮಿಸ್ಕೆಲ್ಲಿ ಎಂಬ 17ರ ಹುಡುಗನನ್ನು ಸುಮಾರು 12 ಗಂಟೆ ಠಾಣೆಯಲ್ಲಿ ಇಟ್ಟುಕೊಂಡು ಒಂದು ಗಂಟೆಗೂ ಕಡಿಮೆ ರೆಕಾರ್ಡ್ ಮಾಡಿದರು. ಕೊಲೆ ಬೆಳಿಗ್ಗೆ ನಡೆಯಿತು ಎಂದ, ಆ ಹೊತ್ತಿಗೆ ಬಾಲಕರು ಶಾಲೆಯಲ್ಲಿದ್ದರು. ಆದರೂ ಅವನಿಗೂ ಇನ್ನಿಬ್ಬರಿಗೂ ಶಿಕ್ಷೆಯಾಯಿತು, ಒಬ್ಬನಿಗೆ ಮರಣದಂಡನೆ. ಈ ಸಾಕ್ಷ್ಯಚಿತ್ರಗಳು ಬರದಿದ್ದರೆ ಅವರು ಹೊರಬರುತ್ತಿದ್ದುದು ಅನುಮಾನ. ಆದರೆ ಅದೇ ಎರಡನೆಯ ಭಾಗ, ಸತ್ತ ಬಾಲಕನೊಬ್ಬನ ಮಲತಂದೆಯ ಕಡೆ ಬೆರಳು ತೋರಿಸಿತು. ಆತ ವಿಚಿತ್ರವಾಗಿ ಮಾತಾಡುತ್ತಿದ್ದ, ಕ್ಯಾಮೆರಾ ಮುಂದೆ ಅತಿಯಾಗಿ ಆಡುತ್ತಿದ್ದ, ಅಷ್ಟೇ ಸಾಕಾಯಿತು. ಅವನ ವಿರುದ್ಧ ಏನೂ ಸಾಬೀತಾಗಲಿಲ್ಲ. ಕೊನೆಗೆ ಆತನೇ ಆ ಮೂವರ ಬಿಡುಗಡೆಗಾಗಿ ದನಿಯೆತ್ತಿದ. ವೇಷ, ವರ್ತನೆ ನೋಡಿ ಹುಡುಗರನ್ನು ಅಪರಾಧಿಗಳೆಂದರು ಎಂದು ಊರನ್ನು ಬೈದ ಚಿತ್ರವೇ ಅದನ್ನೇ ಮಾಡಿತು.

ಆ ಮೂವರು 2011ರಲ್ಲಿ ಹೊರಬಂದದ್ದೂ ‘ನಾವು ನಿರಪರಾಧಿಗಳು, ಆದರೆ ನಮ್ಮನ್ನು ತಪ್ಪಿತಸ್ಥರೆಂದು ಸಾಬೀತುಪಡಿಸುವಷ್ಟು ಸಾಕ್ಷ್ಯ ಸರ್ಕಾರದ ಬಳಿ ಇದೆ’ ಎಂಬ ಅರ್ಥದ ವಿಲಕ್ಷಣ ಒಪ್ಪಂದದಲ್ಲಿ. ಕಾಗದದ ಮೇಲೆ ಇನ್ನೂ ಅಪರಾಧಿಗಳೇ.

ನೋಡಿ, ವಾದ ಮಾಡಿ, ಬೇಡ ಅನ್ನುವುದಿಲ್ಲ. ಎರೋಲ್ ಮಾರಿಸ್‌ರ ‘ದಿ ಥಿನ್ ಬ್ಲೂ ಲೈನ್’ 1988ರಲ್ಲಿ ಬಂದ ಮರುವರ್ಷವೇ ರ್‍ಯಾಂಡಲ್ ಡೇಲ್ ಆಡಮ್ಸ್ 12 ವರ್ಷಗಳ ಸೆರೆಯಿಂದ ಹೊರಬಂದ. ಒಮ್ಮೆ ಅವನ ಮರಣದಂಡನೆಗೆ ಮೂರೇ ದಿನ ಉಳಿದಿತ್ತು. ಆದರೆ ಪಿಜಿಯ ಜಗಳದಲ್ಲಿ ‘ಹಾಗಾದರೆ ನಿಜವಾದ ಕೊಲೆಗಾರ ಯಾರು?’ ಎಂಬ ಪ್ರಶ್ನೆ ಎತ್ತಬೇಡಿ. ತಪ್ಪೊಪ್ಪಿಗೆ ನಂಬಲರ್ಹವೇ ಎಂಬುದನ್ನು ನೀವು ಟೇಪ್ ನೋಡಿ ಅಳೆಯಬಹುದು. ಇನ್ನೊಬ್ಬನ ತಲೆಗೆ ಕೊಲೆ ಕಟ್ಟುವಷ್ಟು ಸಾಮಗ್ರಿ ನಿಮ್ಮ ಕೈಯಲ್ಲಿರುವುದಿಲ್ಲ.

ಪ್ರಶ್ನೆ: ಇದೆಲ್ಲ ಅಮೆರಿಕದ ಗೋಳು. ನಮ್ಮಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದೇ ಇಲ್ಲವಲ್ಲ?
— ವ್ಯಾಪಾರಿ, ಹಾಸನ

ಉತ್ತರ: ಕಾನೂನಿನಲ್ಲಿ ನೀವು ಹೇಳಿದ್ದು ಸರಿ. ಹಳೆಯ ಸಾಕ್ಷ್ಯ ಅಧಿನಿಯಮದ 25, 26ನೇ ಕಲಮುಗಳು ಹಾಗೆ ಹೇಳುತ್ತಿದ್ದವು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ಬ್ರಿಟಿಷರು ನಮ್ಮ ಠಾಣೆಗಳನ್ನು ನಂಬದೆ ಮಾಡಿದ ಕಾನೂನು, ಇಂದಿಗೂ ಬೇಕಾಗಿದೆ.

ಬಾಗಿಲು ಮುಚ್ಚಿದರೂ ಕಿಟಕಿ ತೆರೆದಿದೆ. ಆರೋಪಿಯ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಆ ಹೇಳಿಕೆಯಲ್ಲಿ ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು ಸಾಬೀತುಪಡಿಸಬಹುದು. ಹಾಗಾಗಿ ನಮ್ಮ ಸೆಷನ್ಸ್ ಕೋರ್ಟುಗಳ ಕಡತ ತೆಗೆದರೆ ‘ಸ್ವಇಚ್ಛಾ ಹೇಳಿಕೆ’ ಎಂಬ ಹಾಳೆ ಇದ್ದೇ ಇರುತ್ತದೆ. ‘ನನ್ನನ್ನು ಕರೆದುಕೊಂಡು ಹೋದರೆ ಮಚ್ಚು ಬಿಸಾಡಿದ ಜಾಗ ತೋರಿಸುತ್ತೇನೆ’ ಎಂಬ ಸಾಲು ಊರು ಬದಲಾದರೂ ಬದಲಾಗುವುದಿಲ್ಲ. ಹಿಂದೆಯೇ ಮಹಜರು, ಅದಕ್ಕೆ ಇಬ್ಬರು ಪಂಚರ ಸಹಿ. ಪಾಟೀ ಸವಾಲಿನಲ್ಲಿ ಪಂಚ ‘ಠಾಣೆಯಲ್ಲೇ ಸಹಿ ಹಾಕಿದೆ ಸ್ವಾಮಿ’ ಎಂದಾಗ ಕೇಸು ಕುಸಿಯುತ್ತದೆ. ಆಗ ಅಪರಾಧಿಯೂ ಬಚಾವಾಗುತ್ತಾನೆ.

ಕೋರ್ಟಿಗಿಂತ ಮುಂಚೆ ತೀರ್ಪು ಕೊಡುವ ಇನ್ನೊಂದು ಜಾಗವಿದೆ, ಟಿ.ವಿ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ 7 ವರ್ಷದ ಬಾಲಕನ ಕೊಲೆಯಾಯಿತು. ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರ್ ಬಂಧನ, ಆತ ಕ್ಯಾಮೆರಾಗಳ ಮುಂದೆಯೇ ತಪ್ಪೊಪ್ಪಿಕೊಂಡ. ಇಡೀ ದೇಶ ಅವನಿಗೆ ಶಾಪ ಹಾಕಿತು. ಪ್ರಕರಣ ಸಿಬಿಐಗೆ ಹೋದಮೇಲೆ ಕಂಡಕ್ಟರ್ ವಿರುದ್ಧ ಸಾಕ್ಷ್ಯವಿಲ್ಲವೆಂದಾಗಿ, 2018ರಲ್ಲಿ ನ್ಯಾಯಾಲಯ ಅವನನ್ನು ಆರೋಪದಿಂದ ಬಿಡುಗಡೆ ಮಾಡಿತು. ಹಿಂಸೆ ಕೊಟ್ಟು ಒಪ್ಪಿಸಿದರೆಂಬುದು ಅವನ ದೂರು. ಆಮೇಲೆ ಸ್ಥಳೀಯ ಪೊಲೀಸ್ ಅಧಿಕಾರಿಗಳ ಮೇಲೆಯೇ ಸಿಬಿಐ ದೋಷಾರೋಪ ಪಟ್ಟಿ ಸಲ್ಲಿಸಿತು. ‘ಎ ಬಿಗ್ ಲಿಟಲ್ ಮರ್ಡರ್’ ಎಂಬ ಸಾಕ್ಷ್ಯಚಿತ್ರ ಇದೇ ಪ್ರಕರಣದ್ದು.

ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ರಕ್ಷಣೆಯೂ ಎಷ್ಟು ತೆಳುವೆಂದು ನಿಠಾರಿ ತೋರಿಸಿತು. 2006ರ ಡಿಸೆಂಬರಿನಲ್ಲಿ ನೋಯ್ಡಾದ ಬಂಗಲೆಯೊಂದರ ಹಿಂದೆ ಮಕ್ಕಳ ಎಲುಬು ಸಿಕ್ಕವು, ಮನೆಕೆಲಸದ ಸುರಿಂದರ್ ಕೋಲಿ ಮ್ಯಾಜಿಸ್ಟ್ರೇಟರ ಮುಂದೆ, ವಿಡಿಯೊದಲ್ಲಿ, ಎಲ್ಲವನ್ನೂ ಒಪ್ಪಿಕೊಂಡ. ಅದಕ್ಕೆ ಮುಂಚೆ ಸುಮಾರು 60 ದಿನ ಪೊಲೀಸ್ ಕಸ್ಟಡಿಯಲ್ಲಿದ್ದ. 2014ರಲ್ಲಿ ಅವನ ನೇಣು ತಪ್ಪಿದ್ದು ಮಧ್ಯರಾತ್ರಿಯ ತಡೆಯಾಜ್ಞೆಯಿಂದ. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ 12 ಪ್ರಕರಣಗಳಲ್ಲಿ ಅವನನ್ನು ಖುಲಾಸೆಗೊಳಿಸಿತು, ಉಳಿದ ಕೊನೆಯ ಪ್ರಕರಣದಲ್ಲೂ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆ ಮಕ್ಕಳನ್ನು ಕೊಂದವರು ಯಾರೆಂಬುದು ಕಾನೂನಿನ ಲೆಕ್ಕದಲ್ಲಿ ಈಗ ಖಾಲಿ. ತಪ್ಪೊಪ್ಪಿಗೆ ಸಿಕ್ಕಿತೆಂದು ಉಳಿದ ತನಿಖೆ ಕೈಬಿಟ್ಟರೆ ಹೆತ್ತವರಿಗೆ ಉಳಿಯುವುದು ಇಷ್ಟೇ.

ನಮ್ಮ ಮನೆಯಂಗಳದ್ದನ್ನೂ ಹೇಳಿಬಿಡುತ್ತೇನೆ. ಹೆಂಡತಿಯನ್ನು ಕೊಂದನೆಂದು ಕೊಡಗಿನ ಬಡವನೊಬ್ಬ ಜೈಲು ಸೇರಿದ್ದ. ಮೈಸೂರು ಜಿಲ್ಲೆಯಲ್ಲಿ ಸಿಕ್ಕ ಅಸ್ಥಿಪಂಜರವೊಂದನ್ನು ಆಕೆಯದೆಂದು ತೋರಿಸಿ ಕೇಸು ನಡೆದಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡಳು. ಕೋರ್ಟಿಗೆ ಬಂದು ನಿಂತಳು. ಅದೇ ತಿಂಗಳು ಅವನ ಖುಲಾಸೆಯಾಯಿತು, ನ್ಯಾಯಾಲಯ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅಮೆರಿಕದ ಗೋಳು ಅಂದಿರಲ್ಲ, ಅದಕ್ಕೆ ಹೇಳಿದೆ.

ಪ್ರಶ್ನೆ: ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ತಾನಾಗಿ ಹೊರಬೀಳುವುದಿಲ್ಲವೇ?
— ಓದುಗ, ಚಿತ್ರದುರ್ಗ

ಉತ್ತರ: ಇಲ್ಲ. ಮಂಪರಿನಲ್ಲಿ ಮನುಷ್ಯ ಸುಳ್ಳನ್ನೂ ಹೇಳುತ್ತಾನೆ, ಕೇಳುವವನು ಸೂಚಿಸಿದ್ದನ್ನೂ ಹೇಳುತ್ತಾನೆ. ಒಂದು ಕಾಲದಲ್ಲಿ ಬೆಂಗಳೂರು ಈ ಪರೀಕ್ಷೆಗೆ ದೇಶಕ್ಕೇ ಹೆಸರುವಾಸಿಯಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ಆರೋಪಿ ತೆಲಗಿಗೂ ಮಾಡಿದ್ದರು. ಆರೋಪಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಹೆಸರೇ ‘ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ’.

ಪ್ರಶ್ನೆ: ನಾನು ಮೂವತ್ತಕ್ಕೂ ಹೆಚ್ಚು ವರ್ಷ ಇಲಾಖೆಯಲ್ಲಿ ದುಡಿದವನು. ಪಿಕ್ಚರ್ ತೆಗೆಯುವವರಿಗೆ ಪೊಲೀಸ್ ಯಾವಾಗಲೂ ವಿಲನ್. ಜಾತ್ರೆ ಬಂದೋಬಸ್ತು, ವಿಐಪಿ ಡ್ಯೂಟಿ, ಸಮನ್ಸ್ ಜಾರಿ, ಇದರ ಮಧ್ಯೆ ಕೊಲೆ ಕೇಸು. ಮೇಲಿನವರು 24 ಗಂಟೆಯಲ್ಲಿ ಪತ್ತೆಯಾಗಬೇಕು ಅನ್ನುತ್ತಾರೆ. ಬಾಯಿ ಬಿಡಿಸದೆ ಕೇಸು ಹೇಗೆ ಬಗೆಹರಿಯುತ್ತದೆ, ನೀವೇ ಹೇಳಿ.
— ನಿವೃತ್ತ ಎಎಸ್‌ಐ, ಕಲಬುರಗಿ

ಉತ್ತರ: ಸಾಹೇಬರೇ, ನಿಮ್ಮ ಕಾಗದವೇ ಈ ಕಂತೆಯಲ್ಲಿ ಪ್ರಾಮಾಣಿಕವಾದದ್ದು. 24 ಗಂಟೆಯ ಗಡುವು ಕೊಟ್ಟವರು ಪ್ರೆಸ್‌ಮೀಟಿನಲ್ಲಿ ಕೂರುತ್ತಾರೆ, ಪಾಟೀ ಸವಾಲಿಗೆ ನಿಲ್ಲುವವರು ನೀವು. ಅದು ನನಗೂ ಗೊತ್ತು.

ಆದರೆ ನೀವು ಕೇಳಿದ ಪ್ರಶ್ನೆಯನ್ನೇ ಇಂಗ್ಲೆಂಡಿನ ಪೊಲೀಸರೂ ಕೇಳುತ್ತಿದ್ದರು. ಗಿಲ್ಡ್‌ಫರ್ಡ್ ಬಾಂಬ್ ಪ್ರಕರಣದಲ್ಲಿ ನಾಲ್ವರ ತಪ್ಪೊಪ್ಪಿಗೆ ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ. ವಿಚಾರಣೆ ನಡೆಯುವಾಗಲೇ ಕೈಯಲ್ಲಿ ಬರೆದುಕೊಂಡದ್ದೆಂದು ಕೋರ್ಟಿಗೆ ಹೇಳಿದ್ದ ಟಿಪ್ಪಣಿಗೆ ತಾಳೆಯಾಗುವ, ತಿದ್ದುಪಡಿ ಮಾಡಿದ ಟೈಪಿಸಿದ ಕರಡೊಂದು ಆಮೇಲೆ ಸಿಕ್ಕಿತು. ಅಂದರೆ ಮೊದಲು ಟೈಪು, ಆಮೇಲೆ ‘ಸ್ಥಳದಲ್ಲೇ ಬರೆದ’ ಕೈಬರಹ. ನಮ್ಮ ಮಹಜರು ಬರೆದವರಿಗೆ ಇದನ್ನು ವಿವರಿಸಬೇಕಿಲ್ಲ! ನಾಲ್ವರೂ 1989ರಲ್ಲಿ ಬಿಡುಗಡೆಯಾದರು. ಇಂಥ ಅವಮಾನಗಳ ನಡುವೆ ಅಲ್ಲಿ 1984ರ ಕಾನೂನಿನಿಂದ ವಿಚಾರಣೆಯ ಟೇಪ್ ರೆಕಾರ್ಡಿಂಗ್ ಬಂತು, ತೊಂಬತ್ತರ ದಶಕದ ಆರಂಭದಲ್ಲಿ ವಿಚಾರಣೆಯ ಹೊಸ ತರಬೇತಿ ಬಂತು. ಒಪ್ಪಿಸುವುದು ಗುರಿಯಲ್ಲ, ಅವನಿಗೆ ಗೊತ್ತಿರುವುದನ್ನೆಲ್ಲ ಅವನ ಮಾತಿನಲ್ಲೇ ಹೇಳಿಸಿ, ಆಮೇಲೆ ನಮ್ಮ ಕೈಯಲ್ಲಿರುವ ಸಾಕ್ಷ್ಯದೊಂದಿಗೆ ಒರೆಗೆ ಹಚ್ಚುವುದು. ಸುಳ್ಳು ಹೇಳುವವನು ಹೆಚ್ಚು ಮಾತಾಡಿದಷ್ಟೂ ಹೆಚ್ಚು ಸಿಕ್ಕಿಬೀಳುತ್ತಾನೆ, ಇದು ನಿಮ್ಮ ಅನುಭವಕ್ಕೂ ಬಂದಿರಬೇಕು. ಅಲ್ಲಿ ಕೊಲೆ ಕೇಸುಗಳ ತನಿಖೆ ನಿಂತುಹೋಗಲಿಲ್ಲ.

ನಮ್ಮಲ್ಲೂ ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅದಕ್ಕೆ ಜನ, ಪ್ರಯೋಗಾಲಯ, ದುಡ್ಡು ಬೇಕು. ಅದನ್ನು ಕೇಳಬೇಕಾದದ್ದು ಸರ್ಕಾರವನ್ನು. ಕಡಿಮೆ ಬಿದ್ದದ್ದನ್ನೆಲ್ಲ ಲಾಠಿ ತುಂಬಿಕೊಡಲಿ ಅನ್ನುವುದು ನಿಮಗೂ ಅನ್ಯಾಯ. ಮತ್ತೆ, ತಪ್ಪಾದ ಮನುಷ್ಯ ಒಪ್ಪಿಕೊಂಡ ದಿನ ಸರಿಯಾದವನು ಹೊರಗೇ ಇರುತ್ತಾನೆ. ಸೆಂಟ್ರಲ್ ಪಾರ್ಕಿನ ಹುಡುಗರು ಆರೋಪ ಹೊತ್ತಿದ್ದ ಅದೇ ಬೇಸಿಗೆಯಲ್ಲಿ ರೇಯೆಸ್ ಇನ್ನಷ್ಟು ಹೆಂಗಸರ ಮೇಲೆ ಬಿದ್ದ, ಒಬ್ಬಾಕೆಯನ್ನು ಕೊಂದ.

ಪ್ರಶ್ನೆ: ಸರ್, ಸಾಕ್ಷ್ಯಚಿತ್ರದ ಮಾತಲ್ಲ ಇದು. ನನ್ನ ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಅವನ ಕಾಲೇಜಿನ ಹಾಸ್ಟೆಲಿನಲ್ಲಿ ಕಳ್ಳತನವಾಗಿದೆ. ಎರಡು ಸಲ ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸಿದ್ದಾರೆ. ‘ಒಪ್ಪಿಕೊಂಡರೆ ಇಲ್ಲೇ ಮುಗಿಸುತ್ತೇವೆ’ ಅನ್ನುತ್ತಾರಂತೆ. ಅಪ್ಪ ಕೂಡ ‘ಒಪ್ಪಿಕೊಂಡು ದುಡ್ಡು ಕಟ್ಟಿಬಿಡೋಣ’ ಅನ್ನುತ್ತಿದ್ದಾರೆ. ಏನು ಮಾಡಲಿ?
— ಅಕ್ಕ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಅಪ್ಪನನ್ನು ಕೂರಿಸಿ ಮೆಕ್ರೇಯ ಅಪ್ಪನ ಕಥೆ ಹೇಳಮ್ಮಾ. ‘ಇಲ್ಲೇ ಮುಗಿಸುತ್ತೇವೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಸಹಿಗೆ ಇದೆ.

ಮುಂದಿನ ಸಲ ಕರೆದರೆ ಬರಹದಲ್ಲಿ ನೋಟಿಸ್ ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಸಾಕ್ಷಿಯಾಗಿ ಕರೆದಿದ್ದಾರೋ ಆರೋಪಿಯಾಗಿ ಕರೆದಿದ್ದಾರೋ ಅದರಲ್ಲಿ ಗೊತ್ತಾಗುತ್ತದೆ. ನೋಟಿಸ್ ಬಂದರೆ ತಪ್ಪಿಸಿಕೊಳ್ಳದೆ ಹೋಗಲಿ, ಆದರೆ ಒಬ್ಬನೇ ಹೋಗುವುದು ಬೇಡ. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ತನಿಖಾಧಿಕಾರಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಖಾಲಿ ಹಾಳೆಯ ಮಾತಂತೂ ದೂರವೇ ಉಳಿಯಿತು. ಬಂಧಿಸಿದರೆ ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಹಕ್ಕಿದೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತಮ್ಮನಿಗೆ 18 ತುಂಬಿಲ್ಲದಿದ್ದರೆ ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು. ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಈಗಲೇ ಕೈಯಲ್ಲಿಟ್ಟುಕೊಳ್ಳಿ.

ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ ಕೊಡಿಸಲು ಕರೆದೊಯ್ದರೂ, ಕೊನೆಯ ಗಳಿಗೆಯಲ್ಲಿ ‘ಇಷ್ಟವಿಲ್ಲ’ ಅನ್ನಬಹುದು. ಹಾಗೆಂದವನನ್ನು ಆ ಕಾರಣಕ್ಕೆ ಮತ್ತೆ ಪೊಲೀಸ್ ಕಸ್ಟಡಿಗೆ ಕಳಿಸುವಂತಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಲ್ಲಿದೆ. ಇದು ಗೊತ್ತಿಲ್ಲದೆ, ವಾಪಸ್ ಅದೇ ಕೋಣೆಗೆ ಹೋಗಬೇಕಾದೀತೆಂಬ ಹೆದರಿಕೆಗೆ ಒಪ್ಪಿಕೊಂಡವರನ್ನು ನೋಡಿದ್ದೇನೆ.

ಎರಡು ಸಲ ಹೋದದ್ದು ಯಾವ ದಿನ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ, ಯಾರು ಏನು ಕೇಳಿದರು, ಎಲ್ಲವನ್ನೂ ತಮ್ಮನಿಂದ ಇವತ್ತೇ ಬರೆಸಿ, ನೆನಪು ಹಸಿಯಾಗಿರುವಾಗಲೇ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮುಂದಿನ ಕರೆ ಬರುವವರೆಗೆ ಕಾಯಬೇಡಿ.